ಆರಾದ ಮೇಲೆ ಎಂಟು

ಶಿಬಿರದ ದೋಣಿಗಳ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದಿರುತ್ತದೆ. ಒಂದರಿಂದ ಆರರವರೆಗೆ ಎಲ್ಲ ಸರಿಯಾಗಿದೆ. ಆರಾದ ಮೇಲೆ ಎಂಟು. ಹೊಸದಾಗಿ ಬಂದ ಮಕ್ಕಳು ಮೊದಲ ದಿನವೇ ಇದನ್ನು ಪತ್ತೆ ಹಚ್ಚಿ, ಬರೆದ ಪುಣ್ಯಾತ್ಮ ಒಂದನೇ ತರಗತಿಯಲ್ಲಿ ಎಷ್ಟು ಸಲ ಫೇಲಾಗಿದ್ದ ಎಂದು ನಗುತ್ತಾರೆ. ಎರಡನೆಯ ದಿನ ಹಳಬರು ಯಾರಾದರೂ ಅವರ ಕಿವಿಯಲ್ಲಿ ಊದುತ್ತಾರೆ. ಮೂರನೆಯ ದಿನದಿಂದ ಆ ವಿಷಯಕ್ಕೆ ಯಾರೂ ನಗುವುದಿಲ್ಲ.

ಬೇಸಿಗೆ ರಜೆಯಲ್ಲಿ ಹನ್ನೆರಡು ದಿನ, ಹದಿನಾಲ್ಕು ಮಕ್ಕಳು, ಇಬ್ಬಿಬ್ಬರು ಹುಟ್ಟು ಹಾಕುವ ಸಪೂರ ದೋಣಿಗಳು. ಕಾಡಿನೊಳಗೆ ಸರೋವರದಿಂದ ಸರೋವರಕ್ಕೆ ಹೋಗಬೇಕು. ನಡುವೆ ತೊರೆ ಬತ್ತಿದ ಕಡೆ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ತಂದೆತಾಯಿಗಳಿಗೆ ಹೋಗುವ ಕಾಗದದಲ್ಲಿ ಇದಕ್ಕೆ 'ಹೊರಾಂಗಣ ನಾಯಕತ್ವ ತರಬೇತಿ' ಎಂಬ ಘನವಾದ ಹೆಸರಿದೆ. ನಿಜ ಹೇಳಬೇಕೆಂದರೆ ಮೊದಲ ಮೂರು ದಿನ ನಾಯಕತ್ವ ಎಂದರೆ ಪಾತ್ರೆ ತಳ ಹಿಡಿಯದ ಹಾಗೆ ನೋಡಿಕೊಳ್ಳುವುದು ಮತ್ತು ಒದ್ದೆ ಕಾಲುಚೀಲವನ್ನು ಇನ್ನೊಬ್ಬರ ದಿಂಬಿನ ಮೇಲೆ ಒಣಗಿಸದಿರುವುದು. ಆದರೂ ಪ್ರತಿದಿನ ಒಬ್ಬರು ಲೀಡರ್ ಆಗಲೇಬೇಕು. ಅವತ್ತು ಅವರು ಹೇಳಿದ್ದೇ ಕೊನೆ. ತರಬೇತಿ ಕೊಡುವವರು ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಬಾಯಿ ಬಿಡಬಾರದು.

ಹೀಗೆ ಬಾಯಿ ಬಿಡದೆ ಇರುವ ಕೆಲಸವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತಿರುವವಳು ಅಕ್ಕ. ಶಿಬಿರದಲ್ಲಿ ಎಲ್ಲರಿಗೂ ಅವಳು ಅಕ್ಕ. ಅಡುಗೆಯವರಿಗೂ, ಮ್ಯಾನೇಜರಿಗೂ, ತನಗಿಂತ ಹತ್ತು ವರ್ಷ ದೊಡ್ಡವನಾದ ಲಾರಿ ಡ್ರೈವರಿಗೂ. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಒಬ್ಬನೇ. ಅವನು ಅದೇ ನೀರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಹೋಗಿಬಿಟ್ಟಿದ್ದ.

ಅವತ್ತು ಅವಳಿಗೆ ಹದಿನಾರು, ತಮ್ಮನಿಗೆ ಹದಿನಾಲ್ಕು. ಅವಳೇ ಅವತ್ತಿನ ಲೀಡರ್. ತಮ್ಮ ಏಳನೆಯ ದೋಣಿಯಲ್ಲಿ ಮುಂದೆ ಕೂತಿದ್ದ. ಹಿಂದೆ ಕೂತಿದ್ದವನು ಅವನ ಗೆಳೆಯ, ಹದಿನೈದರ ಹುಡುಗ. ಏಳನೆಯದೇ ಕಟ್ಟಕಡೆಯ ದೋಣಿ. ಅದನ್ನು ತಮ್ಮನೇ ಹಟ ಹಿಡಿದು ತೆಗೆದುಕೊಂಡಿದ್ದ, ಹಿಂದೆ ಯಾರೂ ಇಲ್ಲದಿದ್ದರೆ ಮೈಗಳ್ಳತನ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು.

ಮಂಜು ಇಳಿದಿತ್ತು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದಿದ್ದಾಗ ಶಿಬಿರದಲ್ಲಿ ಒಂದು ಪದ್ಧತಿಯಿದೆ: ಲೀಡರ್ ಉದ್ದಕ್ಕೆ ಒಮ್ಮೆ ಸೀಟಿ ಊದಿ 'ಲೆಕ್ಕ!' ಎಂದು ಕೂಗಬೇಕು. ಪ್ರತಿ ದೋಣಿಯಲ್ಲಿ ಮುಂದೆ ಕೂತವರು ಸರದಿಯಂತೆ ತಮ್ಮ ದೋಣಿಯ ಅಂಕಿಯನ್ನು ಕೂಗಬೇಕು. ಹಿಂದೆ ಕೂತವರು ಸುಮ್ಮನಿರಬೇಕು, ಇಬ್ಬರೂ ಕೂಗಿದರೆ ಗೊಂದಲ. ಕೊನೆಯ ಅಂಕಿ ಕೇಳಿಸಿದ ಮೇಲೆ ಲೀಡರ್ ಎರಡು ಸಲ ಚಿಕ್ಕದಾಗಿ ಊದಿದರೆ ಸಾಲು ಮುಂದೆ ಹೊರಡುತ್ತದೆ.

ಅವತ್ತು ಆರು ಅಂಕಿ ಬಂದವು. ಸ್ವಲ್ಪ ತಡವಾಗಿ, ದೂರದಿಂದ, ಏಳೂ ಬಂತು. ಅವಳು ಎರಡು ಸಲ ಊದಿದಳು. ಮುಂದಿನ ದಡ ಸೇರಿದಾಗ ಆರೇ ದೋಣಿಗಳಿದ್ದವು. ಏಳನೆಯದು ಮಗುಚಿ ಬಿದ್ದು, ನೀರಿನಂಚಿಗೆ ಗೋಡೆಯಂತೆ ನಿಂತ ಕಪ್ಪು ಬಂಡೆಯ ಹತ್ತಿರ ತೇಲುತ್ತಿತ್ತು. ಅದರ ಬೆನ್ನಿಗೆ ಆ ಗೆಳೆಯ ಒಬ್ಬನೇ ಅಂಟಿಕೊಂಡಿದ್ದ. ತಮ್ಮ ಮೂರನೆಯ ದಿನ ಸಿಕ್ಕ. ಅವನ ಲೈಫ್ ಜಾಕೆಟ್ ದೋಣಿಯೊಳಗೇ ಸಿಕ್ಕಿಕೊಂಡಿತ್ತು. ಮಂಡಿಯೂರಿ ಕೂತರೆ ನೋಯುತ್ತದೆಂದು ಬಿಚ್ಚಿ ಮಂಡಿಯಡಿಗೆ ಹಾಕಿಕೊಂಡಿದ್ದ.

ವಿಚಾರಣೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ಏಳು ಅಂತ ಅವನೇ ಅಂದ. ನಾನು ಕಿವಿಯಾರೆ ಕೇಳಿದೀನಿ." ಲೆಕ್ಕದ ಹೊತ್ತಿಗೆ ತಮ್ಮ ಚೆನ್ನಾಗಿಯೇ ಇದ್ದ ಎಂದಾಯಿತು. ಹಾಗಾದರೆ ಆದದ್ದೆಲ್ಲ ಆಮೇಲೆ ಆದದ್ದು. ಆಮೇಲೆ ಏನಾಗಿರಬಹುದು? ಇಬ್ಬರು ಹುಡುಗರು, ಹಿಂದೆ ಯಾರೂ ಇಲ್ಲ, ದೋಣಿ ಅಲುಗಾಡಿಸಿ ಆಟ ಆಡಿರುತ್ತಾರೆ. "ಅವನಿಗೆ ಹುಷಾರಿರಲಿಲ್ಲ, ನಾನು ಕೂಗ್ತಾನೇ ಇದ್ದೆ" ಎಂದು ಗೆಳೆಯ ಹೇಳಿದ. ಕೂಗಿದ್ದರೆ ಯಾರಿಗಾದರೂ ಕೇಳಿಸಬೇಕಿತ್ತಲ್ಲ ಎಂದರು ಮೇಜಿನಾಚೆ ಕೂತವರು. ಯಾರಿಗೂ ಕೇಳಿಸಿರಲಿಲ್ಲ. ಬರೆದುಕೊಳ್ಳುವವರು ಹುಡುಗಾಟ ಎಂದು ಬರೆದುಕೊಂಡರು. ಊರು ಅದಕ್ಕಿಂತ ಕೆಟ್ಟ ಮಾತನ್ನೇ ಆಡಿಕೊಂಡಿತು.

ಆ ಗೆಳೆಯ ಈಗ ಶಿಬಿರದಲ್ಲಿ ದೋಣಿ ರಿಪೇರಿ ಮಾಡುತ್ತಾನೆ. ಕೈಯೆಲ್ಲ ಸದಾ ಅಂಟು ಮೆತ್ತಿಕೊಂಡಿರುತ್ತದೆಂದು ಮಕ್ಕಳು ಅವನಿಗೆ ಅಂಟಣ್ಣ ಎಂದು ಹೆಸರಿಟ್ಟಿದ್ದಾರೆ. ಇಪ್ಪತ್ತೈದನೆಯ ವಯಸ್ಸಿಗೆ ತಾನಾಗಿಯೇ ಬಂದು ಕೆಲಸ ಕೇಳಿದ. ಎಲ್ಲ ಬಿಟ್ಟು ಇಲ್ಲಿಗೇ ಯಾಕೆ ಬಂದ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನೂರಾರು ದೋಣಿ ರಿಪೇರಿ ಮಾಡಿದವನು ಒಂದು ದಿನವೂ ನೀರಿಗಿಳಿದಿಲ್ಲ. ಅಕ್ಕನಿಗೂ ಅವನಿಗೂ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವಳು ಅವನನ್ನು ದ್ವೇಷಿಸುತ್ತಿರಲಿಲ್ಲ. ಕ್ಷಮಿಸಿಯೂ ಇರಲಿಲ್ಲ.

ಪ್ರತಿ ವರ್ಷ ಹೊರಡುವ ಹಿಂದಿನ ದಿನ ಅವಳು ಅಮ್ಮನ ಮನೆಗೆ ಹೋಗುತ್ತಾಳೆ. ಎರಡನೇ ಮಹಡಿಯ ಎರಡು ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಬೀದಿಯವರೆಲ್ಲ ಮೊಟಕು ಮಾಡಲು ಕೊಟ್ಟ ಪ್ಯಾಂಟುಗಳು ಅದರ ಮೇಲೆ ರಾಶಿ ಬಿದ್ದಿರುತ್ತವೆ. ಅಮ್ಮ ಎಲ್ಲ ಮಾತು ಮುಗಿಸಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿ ಕೇಳುತ್ತಾಳೆ.

"ಹೇಗಂದ ಅಂತ ಒಂದು ಸಲ ಹೇಳೇ."

"ಏಳು," ಎನ್ನುತ್ತಾಳೆ ಅಕ್ಕ. ಮೊದಲನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಎರಡನೆಯದನ್ನು ಕತ್ತರಿಸಿದ ಹಾಗೆ.

ಅಮ್ಮ ಹೂಂ ಎನ್ನುತ್ತಾಳೆ. ಅಷ್ಟಾದರೆ ಅವಳಿಗೆ ಒಂದು ವರ್ಷಕ್ಕೆ ಸಾಕು. ಮಗ ಹೆದರಿರಲಿಲ್ಲ, ಅಕ್ಕ ಕರೆದಾಗ ಓಗೊಟ್ಟ, ತನ್ನ ಸರದಿಗೆ ತನ್ನ ಅಂಕಿ ಹೇಳಿದ. ಈ ಒಂದು ಮಾತನ್ನು ಹಿಡಿದುಕೊಂಡು ಆ ಹೆಂಗಸು ಇಪ್ಪತ್ತು ವರ್ಷ ಪ್ಯಾಂಟು ಮೊಟಕು ಮಾಡಿದ್ದಾಳೆ.

ಅಕ್ಕನೂ ಅದನ್ನೇ ಹಿಡಿದುಕೊಂಡಿದ್ದಳು. ಶಿಬಿರದಲ್ಲಿ ಲೆಕ್ಕ ಕೂಗುವಾಗ ಆರಾದ ಮೇಲೆ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ತಡೆದು ಆಮೇಲೆ ಎಂಟು ಎನ್ನುತ್ತಾರೆ. ಯಾರೂ ಕಲಿಸಿದ್ದಲ್ಲ, ಎಲ್ಲೂ ಬರೆದಿಲ್ಲ, ಆದರೂ ಪ್ರತಿ ತಂಡವೂ ಹಾಗೆಯೇ ಮಾಡುತ್ತದೆ. ಆ ಒಂದು ಉಸಿರಿನ ಜಾಗದಲ್ಲಿ ಅಕ್ಕನಿಗೆ ತಮ್ಮನ ದನಿ ಕೇಳಿಸುತ್ತಿತ್ತು. ಹುಚ್ಚು ಎನ್ನಿ, ಭ್ರಮೆ ಎನ್ನಿ. ಹನ್ನೊಂದು ವರ್ಷ ಅವಳು ಈ ನೀರಿಗೆ ಬಂದದ್ದು ನಾಯಕತ್ವ ಕಲಿಸುವುದಕ್ಕಲ್ಲ.

ಈ ವರ್ಷ ಐದನೆಯ ದಿನ ಬೆಳಿಗ್ಗೆ ಮಂಜು ಇಳಿಯಿತು. ಕಪ್ಪು ಬಂಡೆಯಿದ್ದ ಅದೇ ದೊಡ್ಡ ಸರೋವರ. ಅವತ್ತಿನ ಲೀಡರ್ ಹದಿನಾರರ ಹುಡುಗಿ. ಎದ್ದರೆ ವಾದ, ಕೂತರೆ ವಾದ ಎಂದು ಅವಳಿಗೆ ಲಾಯರಮ್ಮ ಎಂಬ ಬಿರುದು ಬಂದಿತ್ತು. ಅಕ್ಕ ಅಂಕಿಯಿಲ್ಲದ ತನ್ನ ಒಂಟಿ ದೋಣಿಯಲ್ಲಿ, ಸಾಲಿನ ಮುಂದೆ, ಅವಳ ಪಕ್ಕಕ್ಕೆ ಹೋಗುತ್ತಿದ್ದಳು. ಬಂಡೆ ಎಡಕ್ಕಿತ್ತು. ಕಾಣುತ್ತಿರಲಿಲ್ಲ, ಆದರೆ ಎಲ್ಲಿದೆ ಎಂದು ಅವಳ ಎಡ ಕೆನ್ನೆಗೆ ಗೊತ್ತಾಗುತ್ತಿತ್ತು.

ಕೊನೆಯ ದೋಣಿ ಎಂಟು. ಅದರಲ್ಲಿ ಮುಂದೆ ಕೂತಿದ್ದವನು ಕಡ್ಡಿ, ಗಾಳಿ ಬಂದರೆ ಹಾರಿಹೋಗುವಂಥ ಹುಡುಗ. ಹಿಂದೆ ಕೂತಿದ್ದವಳು ಮೌನಿ. ಐದು ದಿನದಲ್ಲಿ ಅವಳು ಆಡಿದ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಅವಳ ದನಿ ದಪ್ಪವೋ ಸಣ್ಣದೋ ಎಂದು ಕೂಡ ಯಾರಿಗೂ ತಿಳಿದಿರಲಿಲ್ಲ.

ಲಾಯರಮ್ಮ ಸೀಟಿ ಊದಿದಳು. "ಲೆಕ್ಕ!"

"ಒಂದು!" "ಎರಡು!" "ಮೂರು!"

ಮಂಜಿನಲ್ಲಿ ಮಾತು ಹಿಂದೆ ಹಿಂದೆ ಹೋಗುತ್ತ ಸಣ್ಣದಾಗುತ್ತಿತ್ತು. "ನಾಲ್ಕು!" "ಐದು!" "ಆರು!"

ಎಲ್ಲರೂ ಎಂದಿನಂತೆ ಒಂದು ಉಸಿರು ತಡೆದರು. ಅಕ್ಕ ಎಂದಿನಂತೆ ಕಣ್ಣು ಮುಚ್ಚಿದಳು.

"ಏಳು!"

ಈ ಸಲ ಕೇಳಿಸಿದ್ದು ಅವಳೊಬ್ಬಳಿಗೇ ಅಲ್ಲ. ಆರನೆಯ ದೋಣಿಯಲ್ಲಿ ಯಾರೋ ಕಿಟಾರನೆ ಕಿರುಚಿದರು. ಯಾರದೋ ಹುಟ್ಟು ಕೈ ಜಾರಿ ನೀರಿಗೆ ಬಿತ್ತು. ಲಾಯರಮ್ಮನ ಮುಖ ಸುಣ್ಣ ಬಳಿದ ಹಾಗಾಯಿತು.

"ಅಕ್ಕ... ನಮ್ಮಲ್ಲಿ ಏಳು ಇಲ್ವಲ್ಲ."

"ಇಲ್ಲ."

"ಮತ್ತೆ ಅಂದಿದ್ಯಾರು? ಅದು ನಮ್ಮ ಪೈಕಿ ಯಾರ ದನಿಯೂ ಅಲ್ಲ ಅಕ್ಕ!"

ಮತ್ತೆ ಬಂತು. ಎಡದಿಂದ, ಬಂಡೆಯ ಕಡೆಯಿಂದ. ಮೊದಲನೆಯ ಅಕ್ಷರ ಉದ್ದ, ಎರಡನೆಯದು ಕತ್ತರಿಸಿದ ಹಾಗೆ. "ಏಳು!"

ಅಕ್ಕನಿಗೆ ಹೆದರಿಕೆಯಾಗಲಿಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ ಅವಳಿಗೆ ಆದದ್ದು ಸಂತೋಷ. ಎದೆ ಒಡೆದು ಹೋಗುವಂಥ ಸಂತೋಷ. ಇದ್ದಾನೆ, ಇಲ್ಲೇ ಇದ್ದಾನೆ, ಇಪ್ಪತ್ತು ವರ್ಷದಿಂದ ತನ್ನ ಸರದಿಗೆ ಕಾಯುತ್ತಾ ಇದ್ದಾನೆ. ಅವಳ ಕೈ ಅವಳನ್ನು ಕೇಳದೆಯೇ ದೋಣಿಯ ಮೂತಿಯನ್ನು ಎಡಕ್ಕೆ ತಿರುಗಿಸಿತು. ಹಿಂದೆ ಲಾಯರಮ್ಮ ಎಲ್ಲರಿಗೂ ದಡದ ಕಡೆ ಹೊರಡಿ ಎಂದು ಊದಲು ಸೀಟಿಯನ್ನು ಬಾಯಿಗಿಟ್ಟಿದ್ದಳು. ಭೂತಕ್ಕೆ ಹೆದರಿ ಹದಿನಾಲ್ಕು ಮಕ್ಕಳು ಮಂಜಿನಲ್ಲಿ ದಿಕ್ಕಾಪಾಲಾಗುವುದರಲ್ಲಿದ್ದರು.

ಆಗ ಅದೇ ಮಾತು ಬಲಗಡೆಯಿಂದಲೂ ಬಂತು. ಸಣ್ಣದಾಗಿ, ಹಿಂದಿನಿಂದ. ಅಕ್ಕ ಹುಟ್ಟು ನಿಲ್ಲಿಸಿದಳು. ಮೈಯೆಲ್ಲ ಕಿವಿಯಾಗಿ ಕೂತಳು. ಎಡಗಡೆಯದು ದೊಡ್ಡದು, ಸ್ಪಷ್ಟ: ಏಳು. ಬಲಗಡೆಯದು ಅದಕ್ಕಿಂತ ಒಂದು ಕ್ಷಣ ಮುಂಚೆ ಬರುತ್ತಿತ್ತು, ಮತ್ತು ಅದರ ಮೊದಲಲ್ಲಿ ಒಂದು ತುಂಡು ಹೆಚ್ಚಿತ್ತು. ಎದ್... ಎದ್ದ್...

"ಎದ್ದೇಳು! ಎದ್ದೇಳು!"

ಬಂಡೆ ಮಾತಿನ ತಲೆಯನ್ನು ನುಂಗಿ ಬಾಲವನ್ನು ಮಾತ್ರ ವಾಪಸು ಕಳಿಸುತ್ತಿತ್ತು. ಅದು ಅಂಕಿಯೇ ಅಲ್ಲ. ಯಾರೋ ಯಾರನ್ನೋ ಎಬ್ಬಿಸುತ್ತಿದ್ದಾರೆ.

"ಸೀಟಿ ಊದಬೇಡ!" ಎಂದು ಅಕ್ಕ ಕಿರುಚಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಲೀಡರಿನ ಮಾತಿಗೆ ಅಡ್ಡ ಬಂದಿದ್ದಳು. "ಅದು ಮೌನಿ! ಎಲ್ಲರೂ ದೋಣಿ ಸೇರಿಸಿ ಹಿಡ್ಕೊಂಡು ನಿಂತಲ್ಲೇ ನಿಲ್ಲಿ. ಲಾಯರಮ್ಮ, ಒಬ್ಬರನ್ನೂ ಬಿಡಬೇಡ!"

ಬಲಕ್ಕೆ ತಿರುಗುವಾಗ ಎಡದಿಂದ ಮತ್ತೊಮ್ಮೆ ತಮ್ಮ ಕರೆದ. ಮಾರ್ದನಿ ಎಂದು ಗೊತ್ತಿದ್ದೂ ಅವಳಿಗೆ ಹಾಗೆಯೇ ಅನಿಸಿತು. ಅವನಿಗೆ ಬೆನ್ನು ಹಾಕಿ ಹುಟ್ಟು ಹಾಕಿದಳು. ಕಣ್ಣೀರಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ. ಮಂಜಿನಲ್ಲಿ ಹೇಗೂ ಏನೂ ಕಾಣುತ್ತಿರಲಿಲ್ಲ.

ಎಂಟನೆಯ ದೋಣಿ ಅಡ್ಡಡ್ಡವಾಗಿ ತಿರುಗುತ್ತಿತ್ತು. ಕಡ್ಡಿ ಮುಂದಿನ ಹಲಗೆಯಿಂದ ಕೆಳಗೆ ಕುಸಿದು, ಗಲ್ಲ ಎದೆಗೆ ಅಂಟಿಸಿಕೊಂಡು ಮುದುಡಿದ್ದ. ಮೌನಿ ಹಿಂದಿನಿಂದ ಎದ್ದು ತೆವಳುತ್ತ ಅವನ ಕಡೆ ಹೊರಟಿದ್ದಳು. ದೋಣಿ ಒಂದು ಪಕ್ಕಕ್ಕೆ ವಾಲಿ ಇನ್ನೇನು ನೀರು ಕುಡಿಯುವುದರಲ್ಲಿತ್ತು.

"ಕೂತ್ಕೋ! ಅಲ್ಲೇ ಕೂತ್ಕೋ!" ಅಕ್ಕ ತನ್ನ ದೋಣಿಯನ್ನು ಪಕ್ಕಕ್ಕೆ ತಂದು ಎರಡರ ಅಂಚನ್ನೂ ಒಟ್ಟಿಗೆ ಅಪ್ಪಿ ಹಿಡಿದಳು. ಆ ಕ್ಷಣದಲ್ಲಿ, ಇಪ್ಪತ್ತು ವರ್ಷದ ಹಿಂದೆ ಏಳನೆಯ ದೋಣಿ ಹೇಗೆ ಮಗುಚಿತೆಂದು ಅವಳಿಗೆ ತೋರಿಸಿಕೊಟ್ಟ ಹಾಗಾಯಿತು. ಆಟವಾಡಿ ಅಲ್ಲ. ಗೆಳೆಯನನ್ನು ಎತ್ತಿ ಕೂರಿಸಲು ಹೋಗಿ.

ಕಡ್ಡಿ ಬೆಳಿಗ್ಗೆ ದೋಣಿ ಹತ್ತುವಾಗ ಜಾರಿ ಎದೆಯವರೆಗೂ ನೀರಿಗೆ ಬಿದ್ದಿದ್ದ. ತಡವಾದರೆ ಎಲ್ಲರೂ ಬೈಯುತ್ತಾರೆಂದು ಒದ್ದೆ ಬಟ್ಟೆಯ ಮೇಲೆಯೇ ಮಳೆ ಅಂಗಿ ಏರಿಸಿಕೊಂಡು ಸುಮ್ಮನೆ ಕೂತಿದ್ದ. ಎರಡು ಗಂಟೆ ಆ ಥಂಡಿ ಅವನನ್ನು ಒಳಗೊಳಗೇ ತಿಂದಿತ್ತು. ದಡಕ್ಕೆ ತಂದು, ಬಟ್ಟೆ ಬಿಚ್ಚಿ, ಎರಡು ಮಲಗುವ ಚೀಲದೊಳಗೆ ತುರುಕಿ, ಸಕ್ಕರೆ ಹಾಕಿದ ಬಿಸಿನೀರನ್ನು ಚಮಚ ಚಮಚವಾಗಿ ಕುಡಿಸಿದರು. ಲಾಯರಮ್ಮ ಬೆಂಕಿ ಹಚ್ಚಿಸಿದಳು, ಅಳುತ್ತಿದ್ದವರಿಗೆಲ್ಲ ಒಂದೊಂದು ಕೆಲಸ ಹಚ್ಚಿದಳು, ಯಾರ ಹತ್ತಿರವೂ ವಾದ ಮಾಡಲಿಲ್ಲ. ಒಂದು ಗಂಟೆಯ ಮೇಲೆ ಕಡ್ಡಿ ಕಣ್ಣು ಬಿಟ್ಟು, "ನನ್ನ ಚಪ್ಪಲಿ ಎಲ್ಲಿ?" ಎಂದ. ಮೌನಿ ಅದಕ್ಕೆ ನಕ್ಕು, ನಕ್ಕು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

"ನಾನು ಅಷ್ಟು ಕೂಗ್ತಿದ್ದೆ ಅಕ್ಕ," ಎಂದಳು. "ಯಾರೂ ಯಾಕೆ ಬರ್ಲಿಲ್ಲ?"

ಅಕ್ಕ ಅವಳ ಹೆಗಲಿಗೆ ಕಂಬಳಿ ಹೊದಿಸಿದಳು. ಅಂಕಿ ಅಂದುಕೊಂಡೆವು ಎಂದು ಹೇಳುವುದಾದರೂ ಹೇಗೆ? ದೋಣಿಗೆ ಏಳೆಂಬ ಅಂಕಿ ಇದ್ದಿದ್ದರೆ ಲಾಯರಮ್ಮ ಎರಡು ಸಲ ಊದಿ ಮುಂದೆ ಹೋಗಿಬಿಡುತ್ತಿದ್ದಳು. ಅವಳ ತಪ್ಪೂ ಆಗುತ್ತಿರಲಿಲ್ಲ. ಕಡ್ಡಿಯನ್ನು ಉಳಿಸಿದ್ದು ಇಲ್ಲದ ಒಂದು ದೋಣಿ.

ಆ ದಿನದ ಮೇಲೆ ಉಳಿದ ಏಳು ದಿನವೂ ಲೆಕ್ಕ ನಡೆಯಿತು. ಆರಾದ ಮೇಲೆ ಮಕ್ಕಳು ಒಂದು ಉಸಿರು ತಡೆದರು, ಎಂಟು ಎಂದರು. ನಡುವೆ ಏನೂ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿದಳು, ಉಸಿರು ಬಿಗಿಹಿಡಿದಳು, ಒಳಗೊಳಗೇ ಬೇಡಿಕೊಂಡಳು. ಏನೂ ಇರಲಿಲ್ಲ. ಇಪ್ಪತ್ತು ವರ್ಷ ಕಾಡಿದವನು ಬಿಟ್ಟು ಹೋಗಿದ್ದ, ಮತ್ತು ಅದು ಕಾಡಿದ್ದಕ್ಕಿಂತ ನೂರು ಪಾಲು ಭಯಂಕರವಾಗಿತ್ತು. ಅವಳ ತಮ್ಮ ಈಗ ಹೊಸದಾಗಿ ಸತ್ತ.

ಶಿಬಿರಕ್ಕೆ ಮರಳಿದ ದಿನ ಮಧ್ಯಾಹ್ನ ಅವಳು ರಿಪೇರಿ ಶೆಡ್ಡಿಗೆ ಹೋದಳು. ಅಂಟಣ್ಣ ದೋಣಿಯೊಂದನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಇಟ್ಟು ಅದರೊಳಗೆ ಪೈಪಿನಿಂದ ನೀರು ತುಂಬಿಸುತ್ತಿದ್ದ. ಅವನು ಬಿರುಕು ಹುಡುಕುವುದು ಹಾಗೆ: ದೋಣಿಯನ್ನು ನೀರಿಗೆ ಇಳಿಸುವುದಿಲ್ಲ, ನೀರನ್ನು ದೋಣಿಗೆ ಇಳಿಸುತ್ತಾನೆ. ಕೆಳಗೆ ಎಲ್ಲಿ ಹನಿ ಕಾಣುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ.

"ಅವತ್ತು ಏಳು ಅಂದಿದ್ದು ನೀನು," ಎಂದಳು ಅಕ್ಕ. ಪೀಠಿಕೆ ಹಾಕಲು ಅವಳಿಗೆ ತ್ರಾಣವಿರಲಿಲ್ಲ.

ಅವನು ಪೈಪನ್ನು ಹಿಡಿದೇ ನಿಂತ. ನೀರು ತುಂಬುತ್ತಿತ್ತು.

"ಅವನನ್ನ ಎಬ್ಬಿಸ್ತಾ ಇದ್ದೆ," ಎಂದಳು. "ನಾನು ಲೆಕ್ಕ ಅಂದ್ಕೊಂಡೆ."

"ಹೂಂ."

"ನಿನಗೆ ಗೊತ್ತಿತ್ತಾ?"

"ವಿಚಾರಣೆ ದಿನ ಗೊತ್ತಾಯ್ತು. ನೀನು ಅಲ್ಲಿ ನಿಂತು ಹೇಳ್ದಾಗ." ಅವನು ಗುರುತು ಹಾಕುವವನಂತೆ ಬಗ್ಗಿದ, ಅಲ್ಲಿ ಹನಿಯೇನೂ ಇರಲಿಲ್ಲ. "ಅದಕ್ಕೆ ಮುಂಚೆ, ನೀವ್ಯಾರೂ ಕೇಳಿಸ್ಕೊಳ್ಳಲಿಲ್ಲ ಅಂದ್ಕೊಂಡಿದ್ದೆ. ಕೇಳಿಸಿತ್ತು ಅಂತ ಆಗ ತಿಳೀತು."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ? ಎಲ್ರೂ ನಿನ್ನನ್ನ ಕೊಲೆಗಾರನ ಥರ ನೋಡಿದ್ರಲ್ಲೋ! ನಾನೂ ನೋಡಿದೆ!"

"ನಿಮ್ಮಮ್ಮ ಬೆಂಚಿನ ಮೇಲೆ ಕೂತಿದ್ರು. ನೀನು ಹೇಳಿ ಕೂತ ತಕ್ಷಣ ನಿನ್ನ ಕೈ ಹಿಡ್ಕೊಂಡು, ಹೇಗಂದ, ಹೇಗಂದ ಅಂತ ಕೇಳಿದ್ರು. ನೀನು ಅಂದು ತೋರಿಸ್ದೆ. ಅವರ ಮುಖ ನೋಡಿದೆ ನಾನು." ಅವನು ನೆಟ್ಟಗಾದ. "ಅವರ ಹತ್ರ ಅದೊಂದೇ ಇತ್ತು. ಅದನ್ನೂ ಹೇಗೆ ಕಿತ್ಕೊಳ್ಳಲಿ?"

ಹದಿನೈದು ವರ್ಷದ ಹುಡುಗ. ಅವನ ಅಪ್ಪ ಆ ವರ್ಷವೇ ಮನೆ ಬದಲಾಯಿಸಿದರು, ಅವನು ಶಾಲೆ ಬದಲಾಯಿಸಿದ. ಬಾಯಿಗೆ ಬೀಗ ಹಾಕಿಕೊಂಡು ಇನ್ನೊಬ್ಬರ ತಾಯಿಯ ಒಂದು ಮಾತನ್ನು ಕಾಯುತ್ತ ಕೂತ. ನಾಯಕತ್ವ ಕಲಿಸುವವರು ಎಷ್ಟು ಕಾಗದ ಬೇಕಾದರೂ ಅಚ್ಚು ಹಾಕಿಸಲಿ, ಇದನ್ನು ಕಲಿಸಲಾರರು.

"ಅಮ್ಮನಿಗೆ ಹೇಳಬೇಡ," ಎಂದ ಅಂಟಣ್ಣ. "ಇಷ್ಟು ವರ್ಷ ಆಯ್ತು. ನನಗೆ ಅಭ್ಯಾಸ ಆಗಿದೆ."

ದೋಣಿ ತುಂಬಿ ನೀರು ಅಂಚಿನಿಂದ ನೆಲಕ್ಕೆ ಸುರಿಯತೊಡಗಿತು. ಇಬ್ಬರೂ ಅದನ್ನು ನಿಲ್ಲಿಸಲಿಲ್ಲ.

ಹೇಳುವುದೋ ಬೇಡವೋ ಎಂದು ಅಕ್ಕ ಬಸ್ಸಿನಲ್ಲಿ ಉದ್ದಕ್ಕೂ ತಲೆ ಕೆಡಿಸಿಕೊಂಡಳು. ಹೇಳಿದರೆ ಅಮ್ಮನ ಬಳಿ ಏನೂ ಉಳಿಯುವುದಿಲ್ಲ. ಹೇಳದಿದ್ದರೆ ಆ ಮನುಷ್ಯ ಸಾಯುವವರೆಗೂ ಕಳಂಕ ಹೊತ್ತು ಇನ್ನೊಬ್ಬರ ಬಿರುಕು ಹುಡುಕುತ್ತಿರುತ್ತಾನೆ. ಮೆಟ್ಟಿಲು ಹತ್ತುವಾಗ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದಳು. ಒಳಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. ನಿಂತುಕೊಂಡೇ, ಒಂದೇ ಉಸಿರಿಗೆ, ಮಂಜು, ಬಂಡೆ, ಮೌನಿ, ಅಂಟಣ್ಣ ಎಲ್ಲವನ್ನೂ.

ಅಮ್ಮನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆಯೇ ನಿಂತಿತು. ಅವಳು ಸೂಜಿಯಿಂದ ದಾರವನ್ನು ಎಳೆದು ತೆಗೆದಳು.

"ಅಂದ್ರೆ ಅವನು ಏನೂ ಹೇಳಲಿಲ್ಲ," ಎಂದಳು.

"ಇಲ್ಲಮ್ಮ."

"ನಾನು ಕೇಳಿ ಕೇಳಿ ನಿನ್ನ ಹತ್ರ ಹೇಳಿಸ್ಕೊಳ್ತಿದ್ದಿದ್ದು ಆ ಹುಡುಗ ಕೂಗಿದ್ದನ್ನ."

"ಹೂಂ."

ಅಮ್ಮ ಎದ್ದು ಒಳಕೋಣೆಗೆ ಹೋದಳು. ಎರಡು ದಿನ ಯಂತ್ರದ ಮುಂದೆ ಕೂರಲಿಲ್ಲ, ಪ್ಯಾಂಟು ಕೇಳಲು ಬಂದವರಿಗೆ ಬಾಗಿಲು ತೆಗೆಯಲಿಲ್ಲ. ತಾನು ಅಮ್ಮನನ್ನು ಕೊಂದೆ ಎಂದೇ ಅಕ್ಕ ಅಂದುಕೊಂಡಳು. ಗೋಡೆಯಾಚೆ ಅವಳ ಉಸಿರಾಟಕ್ಕೆ ಕಿವಿಗೊಟ್ಟು ಕೂತಿರುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಂಡು, ಕೈಚೀಲ ಹಿಡಿದು, ಬಾಗಿಲ ಬಳಿ ನಿಂತಿದ್ದಳು.

"ನಡಿ. ಆ ಹುಡುಗನ್ನ ನೋಡ್ಬೇಕು."

"ಅವನೀಗ ಹುಡುಗ ಅಲ್ಲಮ್ಮ."

"ನನಗೆ ಹುಡುಗನೇ. ನಡಿ."

ಆ ದಾರಿಯಲ್ಲಿ ಅಮ್ಮ ಇಪ್ಪತ್ತು ವರ್ಷ ಹೋಗಿರಲಿಲ್ಲ. ಬಸ್ಸು ಸರೋವರದ ಪಕ್ಕಕ್ಕೆ ಬಂದಾಗ ಕಿಟಕಿಯ ಪರದೆ ಎಳೆದುಕೊಂಡಳು. ಶೆಡ್ಡಿನ ಬಾಗಿಲಲ್ಲಿ ಅವಳನ್ನು ಕಂಡು ಅಂಟಣ್ಣ ಉಳಿ ಕೆಳಗಿಟ್ಟ. ಓಡಿಹೋಗಲು ಇನ್ನೊಂದು ಬಾಗಿಲಿದೆಯೇ ಎಂಬಂತೆ ಹಿಂದೆ ನೋಡಿದ. ಅಮ್ಮ ಅವನ ಎದುರಿಗೇ ಹೋಗಿ ನಿಂತಳು. ಅವನ ಎದೆಯ ಎತ್ತರಕ್ಕೂ ಅವಳು ಬರುತ್ತಿರಲಿಲ್ಲ.

"ಎಷ್ಟು ಹೊತ್ತು ಕೂಗಿದೆಯಪ್ಪಾ?"

ಇದನ್ನು ವಿಚಾರಣೆಯವರು ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ.

"ಗೊತ್ತಿಲ್ಲಮ್ಮ," ಎಂದ ಅವನು. "ದನಿ ಹೋಗೋವರೆಗೂ. ಅವನು ನೀರಿಗೆ ಬಿದ್ದ ಮೇಲೂ ಕೂಗ್ತಿದ್ದೆ. ನಾನು ಇನ್ನೂ ಸ್ವಲ್ಪ ಜೋರಾಗಿ ಕೂಗಿದ್ರೆ ಅವನು ಏಳ್ತಿದ್ನೇನೋ ಅಂತ..."

"ಅವನಾ?" ಎಂದಳು ಅಮ್ಮ. "ಕೂಗಿದ್ರೆ ಏಳೋ ಮಗನಾ ಅವನು? ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಕೂಗಿ ಕೂಗಿ ನನಗೇ ಸಾಕಾಗಿ ಹೋಗಿತ್ತು ಕಣಪ್ಪಾ. ಮುಖಕ್ಕೆ ನೀರು ಚಿಮುಕಿಸಿದ್ರೂ ಮಗ್ಗುಲು ಬದಲಾಯಿಸಿ ಮಲಗ್ತಿದ್ದ. ಹೆತ್ತೋಳ ಕೈಲಿ ಆಗ್ಲಿಲ್ಲ, ನಿನ್ನ ಕೈಲಿ ಹೇಗಾಗತ್ತೆ?"

ಅಂಟಣ್ಣ ಅಲ್ಲೇ ನೆಲದ ಮೇಲೆ, ಮರದ ಹೊಟ್ಟಿನ ನಡುವೆ ಕುಸಿದು ಕೂತು ದನಿ ತೆಗೆದು ಅತ್ತ. ಅಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಅಕ್ಕ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.